ಎಚ್ಚರಿಕೆ ಕಂಬದ ಸುರಕ್ಷತೆ

ಚಂಡಮಾರುತದ ಮುನ್ಸೂಚನೆ ಬಂದ ಕೂಡಲೇ ಬಂದರಿನ ಎಚ್ಚರಿಕೆ ಕಂಬವನ್ನು ಕಳಚಿ ಉಗ್ರಾಣದಲ್ಲಿ ಮಲಗಿಸತಕ್ಕದ್ದು ಎಂಬುದು ಬಂದರು ಕಚೇರಿಯ ನಿಯಮ. ಹಿಂದೊಮ್ಮೆ ಕೆಂಪು ಬಾವುಟ ಹೊತ್ತ ಕಂಬ ಗಾಳಿಗೆ ಮುರಿದುಬಿದ್ದು, ಅದಕ್ಕೆ ಯಾರು ಹೊಣೆ ಎಂಬ ವಿಚಾರಣೆ ಮೂರು ವರ್ಷ ನಡೆದಿತ್ತು. ಅಂದಿನಿಂದ ಕಚೇರಿ ಬಲು ಹುಷಾರು. ಬಿಸಿಲಿರುವಾಗ ಕಂಬ ಹೊರಗೆ ನಿಂತಿರುತ್ತದೆ, ಬಿರುಗಾಳಿ ಬರುವಾಗ ಒಳಗಿರುತ್ತದೆ. ಈ ವ್ಯವಸ್ಥೆ ಬಂದ ಮೇಲೆ ಕಂಬಕ್ಕೆ ಒಂದು ಗೀರೂ ಬಿದ್ದಿಲ್ಲ.

ನಾವಿಕನಿಗೆ ಮುನ್ಸೂಚನೆ ತಿಳಿಯಲು ಕಂಬವೇನೂ ಬೇಕಿರಲಿಲ್ಲ; ಮನೆಯಲ್ಲಿ ಹೆಂಡತಿಯಿದ್ದಳು. ಚಂಡಮಾರುತದ ಕಾಲ ಶುರುವಾಗುವ ಮೊದಲೇ ಅವಳು ಅಡುಗೆಮನೆಯ ಗೋಡೆಗೆ ಸಮುದ್ರದ ನಕ್ಷೆ ಅಂಟಿಸಿ, ಆರು ಗಂಟೆಗೊಮ್ಮೆ ರೇಡಿಯೋ ಹೇಳಿದ ಜಾಗಕ್ಕೆ ಪೆನ್ಸಿಲಿನಿಂದ ಚುಕ್ಕೆ ಇಟ್ಟು, ಮುಂದೆ ಅದು ಸಾಗಬಹುದಾದ ದಾರಿಗೆ ನಡುವೆ ಒಂದು ಗೆರೆಯನ್ನೂ ಇಕ್ಕೆಲದಲ್ಲಿ ಅಗಲವಾಗುತ್ತ ಹೋಗುವ ಎರಡು ಗೆರೆಗಳನ್ನೂ ಎಳೆಯುತ್ತಿದ್ದಳು. ಸೋಮವಾರ ಬೆಳಿಗ್ಗೆ ನಾಲ್ಕನೇ ಚುಕ್ಕೆ ಇಟ್ಟವಳೇ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

“ರೀ, ಗುರುವಾರ ಇಲ್ಲಿರತ್ತೆ. ನಡುವಿನ ಗೆರೆ ನಮ್ಮೂರಿಂದ ದೂರ ಇದೆ ಅಂತ ಕಾಲು ಚಾಚ್ಕೊಂಡು ಕೂರಬೇಡಿ. ಬೀಸಣಿಗೆ ಥರ ಅಗಲವಾಗಿದೆಯಲ್ಲ, ಇದ್ರೊಳಗೆ ಅದು ಎಲ್ಲಿಗೆ ಬೇಕಾದ್ರೂ ತಿರುಗಬಹುದು. ಇವತ್ತೇ ದೋಣೀನ ಹಿನ್ನೀರಿಗೆ ಸೇರಿಸಿ.”

ಆ ದೋಣಿ ಬಿಟ್ಟರೆ ಅವರಿಬ್ಬರಿಗೆ ಬೇರೆ ಗತಿಯಿರಲಿಲ್ಲ. ನಾವಿಕ ಹಾಯಿ ಬಿಚ್ಚಿ ಮಡಿಸಿದ, ಹಗ್ಗಗಳನ್ನು ಎರಡೆರಡು ಮಾಡಿದ, ಪಕ್ಕಗಳಿಗೆ ಹಳೆಯ ಟೈರು ಕಟ್ಟಿದ. ಹಿನ್ನೀರಿನ ಬಾಯಿಗೆ ಹೋದರೆ ಅಡ್ಡಲಾಗಿ ಸರಪಳಿ. ಅವನ ಬಾಮೈದನೂ ಸೇರಿ ನಲವತ್ತು ದೋಣಿಯವರು ಅಲ್ಲೇ ಒದ್ದಾಡುತ್ತಿದ್ದರು. ಎಚ್ಚರಿಕೆ ಜಾರಿಯಲ್ಲಿದ್ದರೆ ಮಾತ್ರ ಸರಪಳಿ ತೆಗೆಯುವುದು ಎಂದ ಕಾವಲುಗಾರ. ನಾವಿಕ ಕಚೇರಿಗೆ ಓಡಿದ.

“ಎಚ್ಚರಿಕೆ ಯಾವಾಗ ಜಾರಿಗೆ ಬರತ್ತೆ ಸಾರ್?”

“ಕಂಬದ ಮೇಲೆ ಬಾವುಟ ಹಾರಿದಾಗ,” ಎಂದರು ಬಂದರು ಅಧಿಕಾರಿ.

“ಕಂಬ ಎಲ್ಲಿದೆ?”

“ಉಗ್ರಾಣದಲ್ಲಿ.”

“ತಂದು ನಿಲ್ಲಿಸಿ ಮತ್ತೆ.”

ಅಧಿಕಾರಿ ಅವನನ್ನು ಮರುಕದಿಂದ ನೋಡಿದರು. “ಚಂಡಮಾರುತ ಬರ್ತಿದೆ ಕಣ್ರೀ. ನಿಮಗೆ ಸುದ್ದಿ ಗೊತ್ತಿಲ್ವಾ?”

ನಾವಿಕನಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂತು. ಆ ಭರದಲ್ಲಿ, “ನಮ್ಮ ದೋಣಿಯ ಹಾಯಿಕಂಬಕ್ಕೇ ಕಟ್ಟಿ ಸಾರ್ ನಿಮ್ಮ ಬಾವುಟಾನ!” ಎಂದುಬಿಟ್ಟ. ಅಧಿಕಾರಿ ನಿಯಮಾವಳಿ ತಿರುವಿ ಹಾಕಿದರು. ಕಂಬ ಯಾರದ್ದಿರಬೇಕೆಂದು ಅದರಲ್ಲಿ ಎಲ್ಲಿಯೂ ಹೇಳಿರಲಿಲ್ಲ. “ನಿಮ್ಮಂಥವರು ಊರಿಗೊಬ್ಬರಿದ್ದರೆ ಸಾಕು,” ಎಂದು ಅವನ ಕೈ ಕುಲುಕಿದರು.

“ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ್ರಲ್ಲ!” ಎಂದಳು ಹೆಂಡತಿ.

ಮಂಗಳವಾರ ಬಾವುಟ ಏರಿತು, ಸರಪಳಿ ಇಳಿಯಿತು, ನಲವತ್ತು ದೋಣಿಗಳು ಒಂದರ ಹಿಂದೊಂದು ಒಳಗೆ ಹೋದವು. ಕೊನೆಯಲ್ಲಿ ನಾವಿಕ ಹಗ್ಗ ಬಿಚ್ಚುತ್ತಿದ್ದಂತೆ ಅಧಿಕಾರಿ ಬಂದರು.

“ಇದು ಈಗ ದೋಣಿಯಲ್ಲ, ಅಧಿಕೃತ ಎಚ್ಚರಿಕೆ ಕಂಬ. ಸ್ಥಳ ಬಿಟ್ಟು ಕದಲುವಂತಿಲ್ಲ.”

“ಹಾಗಾದ್ರೆ ನಿಮ್ಮ ಕಂಬದ ಹಾಗೆ ಇದನ್ನೂ ಉಗ್ರಾಣದಲ್ಲಿ ಇಡಿ!”

“ಆ ನಿಯಮ ಕಚೇರಿಯ ಕಂಬಕ್ಕೆ ಮಾತ್ರ. ಇದು ಖಾಸಗಿ ಕಂಬ.”

ನಾವಿಕ ಬಾವುಟದ ಹಗ್ಗಕ್ಕೆ ಕೈ ಹಾಕಿದ. ಹಿನ್ನೀರಿನ ಒಳಗಿನಿಂದ ಬಾಮೈದ ಬೊಬ್ಬೆ ಹೊಡೆದ: “ಭಾವ, ಅದೊಂದು ಮಾತ್ರ ಮುಟ್ಟಬೇಡಿ! ಇಳಿಸಿದ್ರೆ ನಮ್ಮನ್ನೆಲ್ಲ ಹೊರಗೆ ಹಾಕ್ತಾರೆ!” ನಾವಿಕ ಕೈ ಹಿಂದೆ ತೆಗೆದ.

ಹೆಂಡತಿ ಹೇಳಿದ ಹಾಗೆ ಗುರುವಾರ ಚಂಡಮಾರುತ ಬಂತು. ಮಧ್ಯಾಹ್ನದ ಹೊತ್ತಿಗೆ ದೋಣಿ ತಳ ಸೇರಿತು. ನಲವತ್ತು ದೋಣಿಗಳಲ್ಲಿ ಒಂದಕ್ಕೂ ಪೆಟ್ಟಾಗಲಿಲ್ಲ. ನಾವಿಕ ದಡದಲ್ಲಿ ಕುಳಿತು ಮಗುವಿನ ಹಾಗೆ ಅತ್ತ. ಅಲ್ಲಿ ನೀರು ಆಳವಿರಲಿಲ್ಲವಾಗಿ ಹಾಯಿಕಂಬದ ತುದಿ ಮೂರು ಮೊಳ ಮೇಲೆ ಉಳಿದಿತ್ತು. ಬಾವುಟ ಹಾರುತ್ತಿತ್ತು.

ಶನಿವಾರ ಚುರುಗುಟ್ಟುವ ಬಿಸಿಲು. ದೋಣಿ ಮೇಲೆತ್ತಲು ನಾವಿಕ ಕೊಟ್ಟ ಅರ್ಜಿಗೆ ಉತ್ತರವಾಗಿ ಪ್ರಕಟಣೆ ಹೊರಬಿತ್ತು:

“ಬಾವುಟ ಹಾರುತ್ತಿರುವವರೆಗೆ ಎಚ್ಚರಿಕೆ ಜಾರಿಯಲ್ಲಿರತಕ್ಕದ್ದು. ಎಚ್ಚರಿಕೆ ಜಾರಿಯಲ್ಲಿರುವಾಗ ಯಾರೂ ಬಂದರಿನ ನೀರಿಗಿಳಿಯತಕ್ಕದ್ದಲ್ಲ. ನೀರಿಗಿಳಿಯದೆ ಬಾವುಟ ಇಳಿಸಬಲ್ಲವರು ಅರ್ಜಿ ಸಲ್ಲಿಸಬಹುದು.”

ಯಾರೂ ಸಲ್ಲಿಸಲಿಲ್ಲ. ದೋಣಿಯವರು ಹಿನ್ನೀರಿನಲ್ಲೇ ಬಲೆ ಬೀಸಿಕೊಂಡು, ಮೀನು ಸಿಗದಿದ್ದರೂ ಜೀವ ಉಳಿಯಿತಲ್ಲ ಎಂದುಕೊಂಡರು. ರೇಡಿಯೋ ಸುಮ್ಮನಾಗಿತ್ತು. ಆದರೂ ಹೆಂಡತಿ ಆರು ಗಂಟೆಗೊಮ್ಮೆ ನಕ್ಷೆಯಲ್ಲಿ ತಮ್ಮೂರಿನ ಜಾಗಕ್ಕೇ ಚುಕ್ಕೆ ಇಡತೊಡಗಿದಳು. ಅಲ್ಲಿ ಕಾಗದ ತೂತಾಯಿತು. ಚಂಡಮಾರುತವನ್ನು ಎದುರಿಸಿ ನಿಂತ ಏಕೈಕ ಕಂಬದ ಒಡೆಯನೆಂದು ಕಚೇರಿ ನಾವಿಕನನ್ನೇ ಕಂಬಪಾಲಕನನ್ನಾಗಿ ನೇಮಿಸಿ, ಒಂದು ಸೀಟಿ ಕೊಟ್ಟಿತು.

ಆರು ವಾರದ ಮೇಲೆ ಬೇರೆ ಊರಿನ ದೋಣಿಯೊಂದು ನಿಶ್ಚಿಂತೆಯಿಂದ ಬಂದರಿನೊಳಗೆ ಬಂತು. ನಾವಿಕ ಸೀಟಿ ಊದುತ್ತ ಓಡಿದ.

“ಕಣ್ಣು ಕಾಣಲ್ವೇನ್ರೀ? ಚಂಡಮಾರುತ ಇದೆ! ಬೇಗ ಹಿನ್ನೀರಿಗೆ ಹೋಗಿ!”

ಹೊಸಬ ತಲೆಯೆತ್ತಿ ನೋಡಿದ. ಮೋಡದ ಚೂರೂ ಇರಲಿಲ್ಲ. “ಎಲ್ಲಿದೆ ಅಣ್ಣಾ ಚಂಡಮಾರುತ?”

“ಅಗೋ, ನಮ್ಮ ದೋಣಿ ಮೇಲೆ,” ಎಂದು ನಾವಿಕ ಕೈ ತೋರಿಸಿದ.

ಹೊಸಬ ಬಾವುಟ ನೋಡಿ, ತಪ್ಪಾಯಿತೆಂದು ಹೇಳಿ, ದೋಣಿಯನ್ನು ಹಿನ್ನೀರಿನತ್ತ ತಿರುಗಿಸಿದ.