ನೀರು ನಿಲ್ಲುವುದಿಲ್ಲ ಎಂಬ ನೋಟಿಸು

ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಳ್ಳಿ, ಪಂಪು, ಟ್ಯಾಂಕಿ ನೋಡಿಕೊಳ್ಳುವ ಮೇಂಟೆನೆನ್ಸ್ ಸೂಪರ್‌ವೈಸರ್ ನಾನು. ನೀರು ಬರುವಷ್ಟು ಹೊತ್ತು ನನ್ನನ್ನು ಯಾರೂ ನೆನೆಯುವುದಿಲ್ಲ. ನೆನೆದರೆಂದರೆ ಏನೋ ಒಂದು ಆಗಿದೆ ಎಂದೇ ಅರ್ಥ. ತುಕ್ಕು ಹಿಡಿದ ಹಳೆಯ ಪೈಪ್ ಲೈನ್‌ನಿಂದ ಹೊಸ ಲೈನ್‌ಗೆ ಬದಲಾಯಿಸಿದ ದಿನವಂತೂ ಒಂದರ ಬೆನ್ನಿಗೆ ಒಂದು ಆದವು. ಕೆಲಸದ ಷರತ್ತು ಒಂದೇ: ನೀರು ನಿಲ್ಲಬಾರದು. ಡಯಾಲಿಸಿಸ್ ವಿಭಾಗದ ಸಿಸ್ಟರ್ ಕರೆದು ಹೇಳಿದ್ದರು.

"ಇಲ್ಲಿ ಜನ ಮಿಷನ್‌ನಲ್ಲಿ ಮಲಗಿರ್ತಾರೆ. ನೀರು ನಿಂತರೆ ಅರ್ಧದಲ್ಲಿ ತೆಗೀಬೇಕಾಗ್ತದೆ. ಗೊತ್ತುಂಟಲ್ಲ?"

ಗೊತ್ತಿತ್ತು. ಅದಕ್ಕೇ ನಾಲ್ಕೈದು ದಿನದಿಂದ ನನಗೆ ಅನ್ನ ಸೇರುತ್ತಿರಲಿಲ್ಲ.

ನೋಟಿಸು

ಜನ ಗಾಬರಿಯಾಗದಿರಲಿ ಎಂದು ಪ್ರತಿ ವಾರ್ಡಿನ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಅಂಟಿಸಿದೆ: "ಪೈಪ್ ಬದಲಾಯಿಸುವ ಕೆಲಸ ಇದೆ. ನೀರು ನಿಲ್ಲುವುದಿಲ್ಲ." ಇದು ನನ್ನದೇ ಬುದ್ಧಿ.

ಸ್ವಲ್ಪ ಹೊತ್ತಿನಲ್ಲೇ ರೋಗಿಗಳ ಕಡೆಯವರು ಬಕೆಟ್, ಚೊಂಬು, ಫ್ಲಾಸ್ಕ್, ಗಂಜಿ ತಂದ ಕ್ಯಾರಿಯರ್, ಸಿಕ್ಕಿದ್ದಕ್ಕೆಲ್ಲ ನೀರು ತುಂಬಿಸಿಟ್ಟರು. ಒಬ್ಬ ಅಮ್ಮ ಉರ್ವದ ಮನೆಯಿಂದ ಮಗುವಿನ ಸ್ನಾನದ ಟಬ್ಬನ್ನೇ ಸ್ಕೂಟರಿನಲ್ಲಿ ತರಿಸಿದ್ದರು. ಟ್ಯಾಂಕಿಯ ತಳ ಕಂಡಿತು.

"ನೀರು ನಿಲ್ಲುವುದಿಲ್ಲ ಅಂತ ಬರೆದದ್ದು ಓದ್ಲಿಲ್ವಾ ಅಮ್ಮಾ?" ಎಂದು ಕೇಳಿದೆ.

"ಓದಿದ ಮೇಲೆಯೇ ಹೆದರಿಕೆ ಆದದ್ದು," ಎಂದರು. "ನಿಲ್ಲದಿದ್ದರೆ ನೀವು ಯಾಕೆ ಬರೀತೀರಿ? ದಿನಾ ಬರೀತೀರಾ?"

ಟ್ಯಾಂಕರು

ಟ್ಯಾಂಕಿ ತುಂಬದೆ ಲೈನ್ ಬದಲಾಯಿಸುವ ಹಾಗಿಲ್ಲ. ಟ್ಯಾಂಕರಿಗೆ ಹೇಳಿದೆ. ಎಷ್ಟು ಸಲ ಫೋನ್ ಮಾಡಿದರೂ ಡ್ರೈವರನ ಉತ್ತರ ಒಂದೇ: "ನಂತೂರಿನಲ್ಲಿ ಉಂಟು ಸಾರ್." ನಂತೂರು ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ಹೊಸತೇನಲ್ಲ. ಆದರೂ ತಡೆಯಲಾರದೆ ಬೈಕ್ ಹತ್ತಿ ನಾನೇ ಹೋದೆ. ಲಾರಿ, ಬಸ್ಸು ಎಲ್ಲ ಸರಾಗವಾಗಿ ಓಡುತ್ತಿದ್ದವು. ನಮ್ಮ ಟ್ಯಾಂಕರ್ ಮಾತ್ರ ಬಾನೆಟ್ ಎತ್ತಿಕೊಂಡು ರಸ್ತೆ ಬದಿಯಲ್ಲಿತ್ತು.

"ಎಂತ ಆಯ್ತು ಮಾರಾಯ?"

"ರೇಡಿಯೇಟರ್‌ನಲ್ಲಿ ನೀರಿಲ್ಲ ಸಾರ್. ಆ ಹೋಟೆಲಿನಲ್ಲಿ ಕೇಳಿದ್ದೇನೆ. ರಶ್ ಕಮ್ಮಿ ಆದ ಮೇಲೆ ಕೊಡ್ತಾರಂತೆ."

ನಾನು ಹಿಂದೆ ನೋಡಿದೆ. ಟ್ಯಾಂಕಿನ ಮುಚ್ಚಳದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅದು ಆಸ್ಪತ್ರೆಯ ನೀರಲ್ವಾ ಸಾರ್? ನಿಮ್ಮನ್ನು ಕೇಳದೆ ಮುಟ್ಟುವುದು ಹೇಗೆ?"

"ಫೋನ್‌ನಲ್ಲಿ ಕೇಳಬಹುದಿತ್ತಲ್ಲ!"

"ನೀವು ಮೊದಲೇ ಟೆನ್ಷನ್‌ನಲ್ಲಿದ್ರಿ. ಇನ್ನು ಇದನ್ನೂ ಎಂತಕ್ಕೆ ಹೇಳುವುದು ಅಂತ."

ಬಾವಿ

ಅಂತೂ ಟ್ಯಾಂಕಿ ತುಂಬಿತು. ಮೇಲೆ ಮಿಷನ್‌ಗಳಲ್ಲಿ ರೋಗಿಗಳು ಮಲಗಿದ್ದಾರೆ. ಪಂಪ್ ರೂಮಿನಲ್ಲಿ ಪ್ಲಂಬರ್ ಮತ್ತು ನಾನು ಹೊಸ ಲೈನ್ ತೆರೆದು, ಆಮೇಲೆ ಹಳೆಯದನ್ನು ನಿಧಾನವಾಗಿ ಮುಚ್ಚಿದೆವು. ಆಗಲೇ ಸಿಸ್ಟರ್ ಫೋನ್: "ಕೂಡಲೇ ಮೇಲೆ ಬನ್ನಿ."

ಕೈಯಲ್ಲಿದ್ದ ಸ್ಪ್ಯಾನರನ್ನೂ ಕೆಳಗಿಡದೆ ಮೆಟ್ಟಿಲು ಹತ್ತಿ ಓಡಿದೆ. ಹೋಗಿ ನೋಡಿದರೆ ಮಿಷನ್‌ಗಳೆಲ್ಲ ಓಡುತ್ತಿವೆ. ಬಾಗಿಲಿಗೆ ಅಡ್ಡಲಾಗಿ ದೊಡ್ಡ ದೊಡ್ಡ ಕ್ಯಾನ್‌ಗಳು, ಪಕ್ಕದಲ್ಲಿ ಒಳಗೆ ಮಲಗಿದ್ದ ವೃದ್ಧರ ಮಗ.

"ನೋಟಿಸು ನೋಡಿದೆ. ಸುರತ್ಕಲ್‌ನಿಂದ ನಮ್ಮ ಮನೆ ಬಾವಿ ನೀರು ತಂದಿದ್ದೇನೆ. ಅಪ್ಪನ ಮಿಷನ್‌ಗೆ ಇದನ್ನೇ ಹಾಕಿ."

"ಹಾಗೆ ಹಾಕ್ಲಿಕ್ಕೆ ಆಗುವುದಿಲ್ಲ, ಅದಕ್ಕೆ ಬೇರೆಯೇ ಮಿಷನ್‌ನಲ್ಲಿ ಶುದ್ಧ ಮಾಡಿದ ನೀರೇ ಆಗಬೇಕು," ಎಂದೆ.

"ಇದಕ್ಕಿಂತ ಶುದ್ಧ ಎಂತ ಉಂಟು? ಮೇ ತಿಂಗಳಲ್ಲೂ ಬತ್ತದ ಬಾವಿ!"

ಒಳಗಿನಿಂದ ವೃದ್ಧರೂ ಕೂಗಿದರು: "ಅವರಿಗೆ ಮೊದಲು ಕುಡಿದು ನೋಡ್ಲಿಕ್ಕೆ ಹೇಳು!"

ವಾದ ಮಾಡುವ ತ್ರಾಣ ನನ್ನಲ್ಲಿರಲಿಲ್ಲ. ಕ್ಯಾನ್‌ಗಳನ್ನು ಪಂಪ್ ರೂಮಿಗೆ ಸಾಗಿಸಿದೆ. ಮಿಷನ್‌ಗೆ ಹಾಕುತ್ತೇನೆ ಎನ್ನಲಿಲ್ಲ, ಆಗುವುದಿಲ್ಲ ಎಂದು ಮತ್ತೆ ಹೇಳಲೂ ಇಲ್ಲ. ಬೆಳಗ್ಗಿನಿಂದ ಒಂದು ಗುಟುಕು ನೀರು ಕಾಣದ ಪ್ಲಂಬರ್ ಮತ್ತು ನಾನು ಹೊಟ್ಟೆ ತುಂಬ ಕುಡಿದು, ಮುಖ ತೊಳೆದು ಕೂತೆವು. ಸುಳ್ಳು ಹೇಳಬಾರದು, ಒಳ್ಳೆಯ ನೀರು.

ಡಯಾಲಿಸಿಸ್ ಮುಗಿದು ವೃದ್ಧರು ಗಾಲಿಕುರ್ಚಿಯಲ್ಲಿ ಹೊರಗೆ ಬಂದರು. ಅವರಿಗೆ ಏನೂ ಆಗಿಲ್ಲವಲ್ಲ ಎಂಬ ಸಮಾಧಾನದಲ್ಲಿ ನನಗೆ ಕಣ್ಣು ತುಂಬಿ ಬಂತು. "ಹೇಗಿದ್ದೀರಿ?" ಎಂದು ವಿಚಾರಿಸಿದೆ.

"ಇವತ್ತೇ ನನಗೆ ಮೈ ಇಷ್ಟು ಹಗುರ ಆದದ್ದು. ನಮ್ಮ ಬಾವಿ ನೀರು ಅಂದ್ರೆ ಹಾಗೆ," ಎಂದರು. ಆಮೇಲೆ ನನ್ನ ಕೈ ಹಿಡಿದು, ಪಾಪ ಅನ್ನಿಸಿದಂತೆ ಮೆಲ್ಲಗೆ ಹೇಳಿದರು: "ನೀವು ಎಂತಕ್ಕೆ ಮಾರಾಯ್ರೆ ಸುಮ್ಮನೆ ಪೈಪ್ ಎಲ್ಲ ಹಾಕಿ ಕಷ್ಟ ಪಡುವುದು? ಒಂದು ಬಾವಿ ತೋಡಿಸಿ."