ಬಾಗಿಲು ತಟ್ಟಿದ್ದು ಯಾರು?

ಒಂದೇ ಸಿನಿಮಾ ನೋಡಿ ಹತ್ತು ಜನ ಹತ್ತು ಕತೆ ಹೊತ್ತುಕೊಂಡು ಹೊರಗೆ ಬರುವುದು ನಮ್ಮಲ್ಲಿ ಪ್ರತಿ ತಿಂಗಳೂ ನಡೆಯುತ್ತದೆ. ಇದರಿಂದ ನನ್ನ ಕಸುಬಿಗೇ ಅವಮಾನ. ನಾನು ಉಡುಪಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಮಣಿಪಾಲದ ನಮ್ಮ ಚಿತ್ರ ಬಳಗದ ಅರ್ಧಕ್ಕರ್ಧ ಜನರಿಗೆ ಕಣ್ಣು ನೋಡಿ ಕನ್ನಡಕ ಕೊಟ್ಟದ್ದು ನಾನೇ. ನನ್ನ ಅಂಗಡಿಯ ಗೋಡೆಯ ಮೇಲಿರುವ ಅಕ್ಷರಗಳನ್ನು ಎಲ್ಲರೂ ಒಂದೇ ಥರ ಓದುತ್ತಾರೆ. ಪರದೆಯ ಮೇಲೆ ಕೊನೆಯ ದೃಶ್ಯ ಬಂತೆಂದರೆ ಮಾತ್ರ ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ.

ಬಳಗವೆಂದರೆ ದೊಡ್ಡದೇನಲ್ಲ. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಒಂದು ಬಾಡಿಗೆ ಹಾಲ್‌ನಲ್ಲಿ ಸಿನಿಮಾ, ಆಮೇಲೆ ಚಹಾ, ಆಮೇಲೆ ಚರ್ಚೆ. ಹೆಂಡತಿ ಇದ್ದಾಗ ನಾವು ಇದಕ್ಕೆಲ್ಲ ಹೋದವರಲ್ಲ; ಉಡುಪಿಯ ಟಾಕೀಸಿಗೆ ಹೋಗುತ್ತಿದ್ದೆವು, ಸಿನಿಮಾ ಮುಗಿದದ್ದೇ ಬಸ್ಸಿಗೆ ಓಡುತ್ತಿದ್ದೆವು. ಅವಳು ಹೋಗಿ ಎರಡು ವರ್ಷವಾಯಿತು. ಈಗ ಕಾಪುವಿನ ಮನೆಗೆ ಬೇಗ ಹೋಗಿ ಮಾಡುವುದು ಎಂತದೂ ಇಲ್ಲ, ಹಾಗಾಗಿ ಬಳಗಕ್ಕೆ ಸೇರಿದೆ. ಚರ್ಚೆ ಮುಗಿದು ಕುರ್ಚಿ ಮಡಚುವವರೆಗೂ ಇರುತ್ತೇನೆ. ಪಕ್ಕದ ಸೀಟಿನ ಮೇಲೆ ನನ್ನ ಚೀಲ ಇಡುತ್ತೇನೆ. ಯಾರಾದರೂ ಬರುವವರು ಇದ್ದಾರಾ ಎಂದು ಕೇಳಿದರೆ ತೆಗೆಯುತ್ತೇನೆ. ಹೆಚ್ಚಾಗಿ ಯಾರೂ ಕೇಳುವುದಿಲ್ಲ.

ಇಳಿತದ ಹೊತ್ತು

ಆ ಸೀಟು ಒಂದು ಸಲವಾದರೂ ತುಂಬಲಿ ಎಂದು ನಮ್ಮ ಪಕ್ಕದ ಮನೆಯ ದೋಣಿಯವರನ್ನು ಕರೆದುಕೊಂಡು ಹೋದೆ. ನಲವತ್ತು ವರ್ಷ ಕಡಲಿಗೆ ಹೋದವರು, ಈಗ ಮೊಣಕಾಲು ನೋವೆಂದು ದಡದಲ್ಲಿ ಕುಳಿತಿದ್ದಾರೆ. ಅವರು ಮಾತಾಡುವುದು ತುಳು. ಬೇರೆಯವರ ಎದುರು ಕನ್ನಡವಾದರೆ ಪುಸ್ತಕದ ಹಾಗೆ, ಒಂದಕ್ಷರ ನುಂಗದೆ.

ಅವತ್ತಿನ ಸಿನಿಮಾದ ಕೊನೆಯಲ್ಲಿ ನಾಯಕ ಎಲ್ಲವನ್ನೂ ಬಿಟ್ಟು ಸಮುದ್ರದೊಳಗೆ ನಡೆಯುತ್ತಾ ಹೋಗುತ್ತಾನೆ. ಅವನ ಬೆನ್ನು ಚಿಕ್ಕದಾಗುತ್ತಾ ಹೋಗಿ ಸಿನಿಮಾ ಮುಗಿಯುತ್ತದೆ. ಚರ್ಚೆ ಬಿಸಿಯಾಯಿತು. ನಿವೃತ್ತ ಪ್ರೊಫೆಸರರು, ಇದು ಆತ್ಮಹತ್ಯೆಯಲ್ಲ, ಅನಂತದಲ್ಲಿ ಲೀನವಾಗುವುದು ಎಂದರು. ಅವರು ಈ ಒಂದು ಕೊನೆಯ ಬಗ್ಗೆ ಎಷ್ಟೋ ಕಾಲೇಜುಗಳಲ್ಲಿ ಉಪನ್ಯಾಸ ಕೊಟ್ಟವರು. ಒಬ್ಬರು ವಕೀಲರು, ಹೆಣ ಸಿಗದೆ ಸಾವು ಎಂದು ಹೇಳಲಿಕ್ಕಾಗುವುದಿಲ್ಲ ಎಂದು ತಕರಾರು ತೆಗೆದರು. ನಡುವೆ ನಮ್ಮ ದೋಣಿಯವರು ಕೈ ಎತ್ತಿದರು.

"ಅವನಿಗೆ ಏನೂ ಆಗುವುದಿಲ್ಲ. ಅದು ಇಳಿತದ ಹೊತ್ತು. ಇನ್ನೂ ಅರ್ಧ ಫರ್ಲಾಂಗು ಹೋದರೂ ನೀರು ಸೊಂಟಕ್ಕೆ ಬರುವುದಿಲ್ಲ."

ಇಳಿತವೆಂದು ನಿಮಗೆ ಹೇಗೆ ಗೊತ್ತು ಎಂದು ಪ್ರೊಫೆಸರರು ಕೇಳಿದರು. ಅವನ ಹಿಂದೆ ಒದ್ದೆ ಮರಳು ಅಷ್ಟುದ್ದ ತೋರಿಸಿದ್ದಾರಲ್ಲ, ನೀರು ಏರುತ್ತಿದ್ದರೆ ಅಷ್ಟು ಒದ್ದೆ ಮರಳು ಎಲ್ಲಿಂದ ಬರಬೇಕು ಎಂದು ಇವರು ತಿರುಗಿ ಕೇಳಿದರು. ಸ್ವಲ್ಪ ಹೊತ್ತು ನಡೆಯುತ್ತಾನೆ, ಕಾಲು ಸೋಲುತ್ತದೆ, ಹಸಿವಾಗುತ್ತದೆ, ಗಂಜಿಯ ಹೊತ್ತಿಗೆ ವಾಪಸು ಬರುತ್ತಾನೆ ಎಂದು ತೀರ್ಪು ಕೊಟ್ಟು ಕುಳಿತರು. ಪ್ರೊಫೆಸರರು ಆಮೇಲೆ ಆ ಸಿನಿಮಾದ ಮೇಲೆ ಉಪನ್ಯಾಸ ಕೊಟ್ಟದ್ದನ್ನು ನಾನು ಕೇಳಿಲ್ಲ.

ದೋಣಿಯವರನ್ನು ಮುಂದಿನ ತಿಂಗಳೂ ಕರೆದೆ. ಬರಲಿಲ್ಲ. ನೀರಿನ ವಿಷಯ ಇದ್ದರೆ ಹೇಳಿ, ಬರುತ್ತೇನೆ; ಬರಿಯ ಮನುಷ್ಯರ ವಿಷಯವಾದರೆ ನನಗೆ ಅಭಿಪ್ರಾಯ ಇಲ್ಲ ಎಂದುಬಿಟ್ಟರು.

ಕಾರ್ಕಳದ ಬಸ್ಸಿನಲ್ಲಿ ಮದುವೆ

ಬಳಗಕ್ಕೆ ಕಾರ್ಕಳದಿಂದ ಮೂವರು ಟೀಚರುಗಳು ಬರುತ್ತಾರೆ, ಮೂವರೂ ನಿವೃತ್ತರು. ಅವರಿಗೆ ಬೇಕಾದ ಬಸ್ಸು ಮಣಿಪಾಲದಲ್ಲಿ ಸಿಗಬೇಕಾದರೆ ಸಿನಿಮಾ ಮುಗಿಯುವ ಕಾಲು ಗಂಟೆ ಮೊದಲೇ ಏಳಬೇಕು. ಹಾಗಾಗಿ ಅವರು ಬಳಗದ ಒಂದು ಸಿನಿಮಾದ ಕೊನೆಯನ್ನೂ ನೋಡಿದವರಲ್ಲ. ಅದರಿಂದ ಅವರಿಗೆ ಏನೂ ನಷ್ಟವಾಗಿಲ್ಲ. ಉಳಿದ ಕತೆಯನ್ನು ಬಸ್ಸಿನಲ್ಲಿ ಅವರೇ ಮುಗಿಸಿಕೊಳ್ಳುತ್ತಾರೆ.

ಒಂದು ಸಿನಿಮಾದಲ್ಲಿ ನಾಯಕಿಗೆ ಇಬ್ಬರಿಂದ ಎರಡು ಕಾಗದ ಬಂದಿರುತ್ತವೆ. ಯಾವುದನ್ನು ಒಡೆಯಲಿ ಎಂದು ಅವಳು ಯೋಚಿಸುತ್ತಿರುವಾಗ ಇವರಿಗೆ ಬಸ್ಸಿನ ಹೊತ್ತಾಯಿತು. ಪರ್ಕಳದಲ್ಲಿ ಒಬ್ಬನನ್ನು ಕೈಬಿಟ್ಟರಂತೆ. ಹಿರಿಯಡಕದಲ್ಲಿ ಕಂಡಕ್ಟರೂ ಮಾತಿಗೆ ಸೇರಿ, ಮೊದಲನೆಯವನಿಗೆ ಖಾಯಂ ಕೆಲಸ ಉಂಟಲ್ವಾ, ಅವನನ್ನು ಯಾಕೆ ಬಿಡುತ್ತೀರಿ ಎಂದು ತಡೆದನಂತೆ. ಬೈಲೂರು ಬರುವಾಗ ಮದುವೆಯಾಗಿ, ಕಾರ್ಕಳ ಪೇಟೆ ಬರುವಾಗ ಮಗುವಿಗೆ ಹೆಸರಿಡುವುದು ಮಾತ್ರ ಬಾಕಿ. ಇದನ್ನೆಲ್ಲ ಅವರು ನನ್ನ ಅಂಗಡಿಯಲ್ಲಿ ಕುಳಿತು ಹೇಳುವಾಗ ನನಗೆ ಹೊಟ್ಟೆಕಿಚ್ಚಾಯಿತು. ಒಂದು ಬಸ್ಸಿನ ತುಂಬ ಮಾತು ಅವರದು. ನನ್ನ ಬಸ್ಸಿನಲ್ಲಿ ನಾನು ಕಿಟಕಿಯ ಜೊತೆ ಮಾತಾಡಬೇಕು.

ಕೆಲವು ತಿಂಗಳ ನಂತರ ಅದೇ ಸಿನಿಮಾ ಟಿವಿಯಲ್ಲಿ ಬಂತು. ನಾಯಕಿ ಎರಡೂ ಕಾಗದವನ್ನು ಒಡೆಯದೆ ಚೀಲಕ್ಕೆ ಹಾಕಿ ರೈಲು ಹತ್ತುತ್ತಾಳೆ, ಅಷ್ಟೇ. ಮರುದಿನ ಹಿರಿಯ ಟೀಚರು ಕನ್ನಡಕದ ಸ್ಕ್ರೂ ಬಿಗಿ ಮಾಡಿಸಲು ಬಂದವರು ಕೆಂಡವಾಗಿದ್ದರು.

"ನೋಡಿದಿರಾ? ಟಿವಿಯವರು ಮದುವೆಯನ್ನೇ ಕಟ್ ಮಾಡಿದ್ದಾರೆ."

ಮೇಸ್ತ್ರಿಯ ವಿಮರ್ಶೆ

ಹಾಲ್‌ನ ಚಾವಣಿ ಸೋರುತ್ತಿತ್ತು. ರಿಪೇರಿಗೆ ಬಂದವರು ಬಾಗಲಕೋಟೆ ಕಡೆಯ ಮೇಸ್ತ್ರಿ, ಇಲ್ಲಿಗೆ ಬಂದು ಹದಿನೈದು ವರ್ಷವಾಗಿದೆ. ಭಾನುವಾರ ಕೆಲಸ ಅರ್ಧಕ್ಕೆ ನಿಲ್ಲಿಸಿ, ಸಿನಿಮಾ ಅಂತೀರಿ, ನಾನೂ ಕೂಡ್ಲೇನ್ರಿ ಎಂದು ಕೇಳಿದರು. ಬಳಗದ ಕಾರ್ಯದರ್ಶಿಗಳಿಗೆ ಖುಷಿಯೋ ಖುಷಿ, ದುಡಿಯುವ ಜನ ಬಂದರು ಎಂದು. ನನ್ನ ಪಕ್ಕದ ಸೀಟಿನಿಂದ ಚೀಲ ತೆಗೆದು ಕೂರಿಸಿಕೊಂಡೆ.

ಕೊನೆಯ ದೃಶ್ಯದಲ್ಲಿ ಖಾಲಿ ಕುರ್ಚಿಯೊಂದನ್ನು ನಾಲ್ಕು ನಿಮಿಷ ತೋರಿಸಿದರು. ಅದರಲ್ಲಿ ಕೂರುತ್ತಿದ್ದ ಅಪ್ಪ ಸತ್ತನೋ, ಎದ್ದು ಹೋದನೋ, ಮೊದಲಿನಿಂದಲೂ ಇರಲೇ ಇಲ್ಲವೋ ತಿಳಿಯುವುದಿಲ್ಲ. ನಾನು ಆ ಕುರ್ಚಿಯನ್ನು ನೋಡಲಾಗದೆ ಕೆಳಗೆ ನೋಡಿದೆ. ಅಂಥದ್ದೊಂದು ನನ್ನ ಮನೆಯಲ್ಲೇ ಉಂಟು. ಮೇಸ್ತ್ರಿ ಮಾತ್ರ ಕಣ್ಣು ಕೀಳದೆ ನೋಡಿದರು. ಚರ್ಚೆಯಲ್ಲಿ ಕಾರ್ಯದರ್ಶಿಗಳು ಮೊದಲು ಅವರನ್ನೇ ಎಬ್ಬಿಸಿದರು.

"ಸರ, ಪಾಯಾ ತಗದಾನ, ಗ್ವಾಡಿ ಎಬ್ಬಿಸ್ಯಾನ, ಸ್ಲ್ಯಾಬ್ ಹಾಕೂ ಹೊತ್ತಿಗೆ ಓಡಿ ಹೋಗ್ಯಾನ. ನಾವು ಹಿಂಗ ಮಾಡಿದ್ರ ನೀವು ಬಿಡ್ತೀರೇನ್ರಿ?"

ಕಾರ್ಯದರ್ಶಿಗಳು ನಕ್ಕು ಸಮಾಧಾನದಿಂದ ವಿವರಿಸಿದರು. ನಿರ್ದೇಶಕ ಬೇಕೆಂದೇ ಬಿಟ್ಟಿದ್ದಾನೆ, ಸ್ಲ್ಯಾಬನ್ನು ನೋಡುವವನೇ ತನ್ನ ಮನಸ್ಸಿನಲ್ಲಿ ಹಾಕಿಕೊಳ್ಳಬೇಕು, ಅದೇ ಕಲೆ ಎಂದರು. ಮೇಸ್ತ್ರಿ ಹೌದೇನ್ರಿ ಎಂದು ತಲೆಯಾಡಿಸಿದರು.

ಮಾರನೆಯ ದಿನ ಅವರಿಗೆ ಬೇರೆ ಕಡೆ ದೊಡ್ಡ ಕೆಲಸ ಸಿಕ್ಕಿತು. ಮುಂದಿನ ತಿಂಗಳ ಸಿನಿಮಾದ ಹೊತ್ತಿಗೆ ಸರಿಯಾಗಿ ಮಳೆ. ಕಾರ್ಯದರ್ಶಿಗಳು ಮೊದಲ ಸಾಲಿನಲ್ಲಿ ಕೊಡೆ ಬಿಡಿಸಿ ಕುಳಿತರು. ಫೋನು ಮಾಡಿದರೆ ಮೇಸ್ತ್ರಿ ಕೇಳಿದರಂತೆ, "ಉಳಿದದ್ದು ಮನಸ್ನ್ಯಾಗ ಹಾಕ್ಕೊಂಡಿಲ್ಲೇನ್ರಿ ಸರ?"

ಮೂರು ಸಲ

ಇನ್ನು ನನ್ನದೇ ಕತೆ. ಬೇರೆಯವರನ್ನು ನೋಡಿ ಇಷ್ಟು ನಕ್ಕ ಮೇಲೆ ಇದನ್ನು ಹೇಳದೆ ಇರುವುದು ನ್ಯಾಯವಲ್ಲ.

ನಾನೂ ಹೆಂಡತಿಯೂ ಕೊನೆಯದಾಗಿ ಜೊತೆಯಲ್ಲಿ ನೋಡಿದ ಸಿನಿಮಾದಲ್ಲಿ ಒಬ್ಬ ಹೆಂಗಸಿನ ಗಂಡ ಜಗಳವಾಡಿ ಮನೆ ಬಿಟ್ಟು ಹೋಗಿ ಒಂಬತ್ತು ವರ್ಷ. ಅವಳು ದಿನಾ ಸಂಜೆ ಇಬ್ಬರಿಗೆ ಅಡಿಗೆ ಮಾಡುತ್ತಾಳೆ. ಕೊನೆಗೊಂದು ಸಂಜೆ ಯಾರೋ ಮೂರು ಸಲ ಬಾಗಿಲು ತಟ್ಟುತ್ತಾರೆ. ಅವಳು ಚಿಲಕಕ್ಕೆ ಕೈ ಹಾಕುತ್ತಾಳೆ, ಪರದೆ ಕಪ್ಪಾಗುತ್ತದೆ. ನಾವು ಎದ್ದೆವು. ಉಡುಪಿಯಿಂದ ಕಾಪು ಪೇಟೆ ದಾಟಿ ಕಡಲ ಬದಿಯ ನಮ್ಮ ರಸ್ತೆಯವರೆಗೆ ಬರುವ ಬಸ್ಸು ಆರೂಕಾಲಿಗೆ ಒಂದೇ.

ಬಸ್ಸು ಕಟಪಾಡಿ ತಲುಪುವ ಮೊದಲೇ ಜಗಳ ಶುರು. ಬಂದದ್ದು ಗಂಡನೇ ಎಂದು ಅವಳು. ಒಂಬತ್ತು ವರ್ಷ ಬಾರದವನು ಈಗ ಯಾಕೆ ಬರುತ್ತಾನೆ, ಯಾರೋ ವಿಳಾಸ ಕೇಳಲು ಬಂದವರು ಎಂದು ನಾನು. ಸಿನಿಮಾದ ಮೊದಲಲ್ಲೂ ಗಂಡ ಮೂರು ಸಲವೇ ತಟ್ಟುತ್ತಾನೆ, ನೀವು ಆಗ ನಿದ್ದೆ ಮಾಡಿದ್ದೀರಿ ಮಾರಾಯ್ರೆ ಎಂದು ಅವಳು. ಲೋಕದಲ್ಲಿ ಎಲ್ಲರೂ ಮೂರು ಸಲವೇ ತಟ್ಟುವುದು ಎಂದು ನಾನು. ಈ ಜಗಳ ಹನ್ನೊಂದು ತಿಂಗಳು ನಡೆಯಿತು. ದೋಸೆ ಹುಯ್ಯುವಾಗ ಒಮ್ಮೊಮ್ಮೆ ಅವಳು ಹೊಸ ಸಾಕ್ಷಿಯೊಂದನ್ನು ತಂದು ಮುಂದಿಡುತ್ತಿದ್ದಳು. ನಮಗೆ ಮಕ್ಕಳಿಲ್ಲ, ಮನೆಯಲ್ಲಿ ಸದ್ದು ಅಂತ ಇದ್ದದ್ದು ಇದೇ.

ಆಮೇಲೆ ಅವಳು ಆಸ್ಪತ್ರೆ ಸೇರಿದಳು. ಅಲ್ಲೂ ಬಿಡಲಿಲ್ಲ. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ನನ್ನ ಕೈ ಹಿಡಿದು ಕೇಳಿದಳು.

"ಈಗಲಾದರೂ ಒಪ್ಪಿ. ಬಂದದ್ದು ಅವನೇ ಅಲ್ವಾ?"

"ಗುಣವಾಗಿ ಮನೆಗೆ ಬಾ," ಎಂದೆ. "ಅಲ್ಲಿ ಒಪ್ಪುತ್ತೇನೆ."

ಆಸೆ ತೋರಿಸಿದರೆ ಬೇಗ ಏಳುತ್ತಾಳೆ ಎಂದುಕೊಂಡಿದ್ದೆ. ಅವಳು ಮನೆಗೆ ಬರಲಿಲ್ಲ. ಒಂದು ಮಾತು, ಒಪ್ಪಿದೆ ಎಂದರೆ ನನ್ನ ಗಂಟೇನು ಹೋಗುತ್ತಿತ್ತು? ಈ ಎರಡು ವರ್ಷ ನನ್ನನ್ನು ಕೊರೆದದ್ದು ಅದೊಂದೇ.

ಕಳೆದ ತಿಂಗಳು ಬಳಗದಲ್ಲಿ ಅದೇ ಸಿನಿಮಾ ಹಾಕುತ್ತೇವೆ ಎಂದರು. ಹೋಗುವುದು ಬೇಡವೆಂದು ಮಾಡಿ, ಆಮೇಲೆ ಹೋದೆ. ಆ ಬಾಗಿಲು ತಟ್ಟುವ ಹೊತ್ತಿಗೆ ಸರಿಯಾಗಿ ಒಪ್ಪಿಬಿಡುವುದು ಎಂದು ನಿಶ್ಚಯ ಮಾಡಿಕೊಂಡಿದ್ದೆ. ಚೀಲವನ್ನು ಎಂದಿನಂತೆ ಪಕ್ಕದ ಸೀಟಿನಲ್ಲಿಟ್ಟೆ. ಸಿನಿಮಾದ ಮೊದಲಲ್ಲಿ ಗಂಡ ನಿಜವಾಗಿಯೂ ಮೂರು ಸಲವೇ ತಟ್ಟುತ್ತಾನೆ. ನಾನು ಆಗ ನಿದ್ದೆ ಮಾಡಿದ್ದು ಹೌದು. ಕೊನೆಗೆ ಅದೇ ಮೂರು ಸದ್ದು, ಅದೇ ಚಿಲಕ, ಅದೇ ಕಪ್ಪು ಪರದೆ. ಚೀಲದ ಕಡೆ ತಿರುಗಿ, ಅವನೇ, ಒಪ್ಪಿದೆ ಎಂದು ಮೆಲ್ಲಗೆ ಹೇಳಿ, ಹಳೆಯ ಅಭ್ಯಾಸದಿಂದ ಬಸ್ಸಿಗೆಂದು ಎದ್ದು ನಿಂತೆ.

ಹಿಂದಿನ ಸೀಟಿನವರು ಅಂಗಿ ಹಿಡಿದು ಜಗ್ಗಿದರು. "ಕೂತ್ಕೊಳ್ಳಿ ಮಾರಾಯ್ರೆ, ಇನ್ನೂ ಉಂಟು."

ಇನ್ನೂ ಇತ್ತು. ಪರದೆ ಮತ್ತೆ ಬೆಳಗಿತು. ಬಾಗಿಲು ತೆರೆಯಿತು. ಹೊರಗೆ ನಿಂತದ್ದು ಪಕ್ಕದ ಮನೆಯ ಹೆಂಗಸು, ಕೈಯಲ್ಲೊಂದು ಲೋಟ. ಹಾಲಿಗೆ ಹೆಪ್ಪು ಹಾಕಲು ಒಂದು ಚಮಚ ಮಜ್ಜಿಗೆ ಇದ್ದರೆ ಕೊಡಿ ಎಂದಳು.

ಹನ್ನೊಂದು ತಿಂಗಳ ಜಗಳ. ಎರಡು ವರ್ಷದ ಸಂಕಟ. ಒಂದು ಚಮಚ ಮಜ್ಜಿಗೆ. ನಾವಿಬ್ಬರೂ ಸೋತಿದ್ದೆವು, ಬಸ್ಸೊಂದೇ ಗೆದ್ದದ್ದು. ನನಗೆ ನಗು ತಡೆಯಲಾಗಲಿಲ್ಲ. ಹಾಲ್ ಇಡೀ ನಿಟ್ಟುಸಿರು ಬಿಡುವಾಗ ಒಬ್ಬನೇ ಗಟ್ಟಿಯಾಗಿ ನಕ್ಕೆ. ಕೇಳಿದೆಯಾ ಎಂದು ಪಕ್ಕಕ್ಕೆ ತಿರುಗಿದರೆ ಚೀಲ.

ಅಷ್ಟರಲ್ಲಿ ಆ ಹೆಂಗಸು ಹೆಪ್ಪು ತೆಗೆದುಕೊಂಡು ಹೋದಳು. ಬಾಗಿಲು ಮುಚ್ಚಿತು. ಮತ್ತೆ ಯಾರೋ ಮೂರು ಸಲ ತಟ್ಟಿದರು. ಈಗ ಸಿನಿಮಾ ನಿಜವಾಗಿ ಮುಗಿಯಿತು, ದೀಪ ಹತ್ತಿತು.

ಎರಡನೆಯ ಸಲ ತಟ್ಟಿದ್ದು ಯಾರು ಎಂದು ಚರ್ಚೆ. ಪ್ರೊಫೆಸರರು ವಿಧಿ ಎಂದರು, ವಕೀಲರು ಪುರಾವೆ ಸಾಲದು ಎಂದರು. ಯಾವತ್ತೂ ಬಾಯಿ ಬಿಡದ ನಾನು ಎದ್ದೆ. ಅದೇ ಹೆಂಗಸು, ಹೆಪ್ಪು ಸಾಕಾಗಲಿಲ್ಲ, ಮತ್ತೆ ಬಂದಳು ಎಂದೆ. ಎಲ್ಲರೂ ನಕ್ಕರು. ಕತ್ತಲಲ್ಲಿ ಒಪ್ಪಿದ್ದನ್ನು ನಾನು ಹಿಂದಕ್ಕೆ ತೆಗೆದುಕೊಂಡದ್ದು ಅವರಿಗೆ ಗೊತ್ತಿಲ್ಲ. ಮನೆಗೆ ಬಂದರೆ ಒಪ್ಪುತ್ತೇನೆ ಎಂದು ಹೇಳಿದ್ದೇನೆ, ಅವಳು ಬಂದಿಲ್ಲ. ಒಪ್ಪಿಬಿಟ್ಟರೆ ಜಗಳ ಮುಗಿಯಿತು. ಆಮೇಲೆ ಮನೆಯಲ್ಲಿ ಸದ್ದೇ ಇರುವುದಿಲ್ಲ.

ಕಾಪುವಿನಲ್ಲಿ ಇಳಿದು ಮನೆಗೆ ನಡೆದೇ ಬಂದೆ. ಕತ್ತಲಾಗಿತ್ತು. ಬೀಗಕ್ಕೆ ಕೀ ಹಾಕುವ ಮೊದಲು ಅತ್ತಿತ್ತ ನೋಡಿ, ನನ್ನದೇ ಬಾಗಿಲನ್ನು ಮೂರು ಸಲ ತಟ್ಟಿದೆ. ಯಾಕೆ ಎಂದು ನನ್ನನ್ನು ಕೇಳಬೇಡಿ. ತಟ್ಟಿ ನಿಂತೆ.

ಪಾಗಾರದ ಗೋಡೆಯ ಆಚೆಯಿಂದ ದೋಣಿಯವರ ಸ್ವರ ಬಂತು.

"ಯಾರದು? ಅಲ್ಲಿ ಯಾರೂ ಇಲ್ಲ. ಇರುವುದೇ ಅವರೊಬ್ಬರು, ಸಿನಿಮಾಕ್ಕೆ ಹೋಗಿದ್ದಾರೆ."