ಮಟಮಟ ಮಧ್ಯಾಹ್ನದ ನಿಂಬೆ ವಾಸನೆ

ಅಂಗಡಿ ಇಟ್ಟವರ ಬದುಕಿನಲ್ಲಿ ನಗು ಬರಿಸುವ ಸಂಗತಿಗಳಿಗೆ ಬರವಿಲ್ಲ. ನನ್ನ ಅಂಗಡಿಯಲ್ಲಿ ನಡೆಯುವವು ಮಾತ್ರ ಮೊದಲು ಮೈ ಜುಮ್ಮೆನಿಸಿ, ಆಮೇಲೆ ನಗಿಸುವ ಜಾತಿಯವು.

ಬೈಲಹೊಂಗಲದ ಪೇಟೆಯಲ್ಲಿ ನನ್ನದೊಂದು ಫ್ಯಾನ್ಸಿ ಸ್ಟೋರ್ಸ್. ಬಳೆಯ ಬುಟ್ಟಿ ಹೊತ್ತು ಊರೂರು ತಿರುಗಿ, ಯಾರ ಹಂಗಿಲ್ಲದೆ ಹಿಡಿದ ಬಾಡಿಗೆ ಮಳಿಗೆ. ಬಳೆ ಸುತ್ತಿ ಬರುತ್ತಿದ್ದ ಹಳೆಯ ಪೇಪರಿನಲ್ಲೇ ಅಕ್ಷರ ಕಲಿತವಳು ನಾನು. ಓದಿದ್ದನ್ನು ನಂಬುತ್ತೇನೆ, ಕೇಳಿದ್ದನ್ನಲ್ಲ. ಹೀಗಾಗಿ ಅಮಾವಾಸ್ಯೆಗೊಮ್ಮೆ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟದ ಅಂಗಡಿ ಇಡೀ ಸಾಲಿನಲ್ಲಿ ನನ್ನದೊಂದೇ. ಮಳಿಗೆಯ ಮಾಲೀಕರಿಗೆ ಅದೇ ಕೊರಗು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಬೆಳಗಾವಿಯಿಂದ ಬಂದ ಸೇಲ್ಸ್‌ಮನ್ ಗಂಡಸರ ಹೊಸ ಸೆಂಟು ತೋರಿಸಿದ. ಮುಚ್ಚಳ ತೆಗೆದರೆ ಆಗಷ್ಟೇ ಕೊಯ್ದ ನಿಂಬೆಹಣ್ಣಿನ ವಾಸನೆ.

"ಬ್ಯಾಸಗಿ ಮಾಲು ಅಕ್ಕಾರ. ಮೈ ತಣ್ಣಗಿರ್ತೈತಿ," ಅಂದ.

ಎರಡು ಡಜನ್ ತೆಗೆದುಕೊಂಡೆ. ಅವನು ಹೇಳದೆ ಹೋದ ಮಾತೊಂದಿತ್ತು. ಹೊಡೆದುಕೊಂಡವನ ಮೂಗಿಗೆ ಆ ವಾಸನೆ ಸ್ವಲ್ಪ ಹೊತ್ತಿನಲ್ಲೇ ಸತ್ತುಹೋಗುತ್ತದೆ. ಉಳಿದವರ ಮೂಗಿಗೆ ಮಾತ್ರ ಬದುಕಿರುತ್ತದೆ. ನಮ್ಮ ಕಡೆಯಂತೂ ಹಣ್ಣು ಕಾಣದೆ ನಿಂಬೆ ವಾಸನೆ ಬಂತೆಂದರೆ ಯಾರೋ ಮಾಟ ಮಾಡಿಸಿದ್ದಾರೆಂದೇ ಅರ್ಥ.

ಸವದತ್ತಿ ಬಸ್ಸು

ಮೊದಲ ಬಾಟಲಿ ಕೊಂಡವರು ಸವದತ್ತಿ ಬಸ್ಸಿನ ಕಂಡಕ್ಟರ್. ಅಂಗಡಿಯಲ್ಲೇ ಅಂಗಿಗೆ, ಕುತ್ತಿಗೆಗೆ ಪುಸ್ ಪುಸ್ ಹೊಡೆದುಕೊಂಡು ಡ್ಯೂಟಿಗೆ ಹೋದರು. ಬಸ್ಸಿನ ತುಂಬ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಹೆಂಗಸರು. ಊರು ದಾಟುವುದೇ ತಡ, ಒಬ್ಬ ಮುದುಕಿ ಎದ್ದು ನಿಂತಳಂತೆ.

"ಯಾರೋ ಲಿಂಬಿಹಣ್ಣು ಕೊಯ್ದಿಟ್ಟಾರ. ಗಾಡಿ ನಿಲ್ಲಸ್ರಿ!"

ಬಸ್ಸು ನಿಂತಿತು. ಸುತ್ತ ಒಂದು ಗಿಡವೂ ಇಲ್ಲದ ಎರೆ ಹೊಲ, ನೆತ್ತಿಯ ಮೇಲೆ ಸೂರ್ಯ, ಹಕ್ಕಿಯ ಸದ್ದೂ ಇಲ್ಲ. ಹೆಂಗಸರೆಲ್ಲ ಕೆಳಗಿಳಿದರು. ಕಂಡಕ್ಟರ್ ಒಬ್ಬರೇ ಸೀಟುಗಳ ಕೆಳಗೆ ಬಗ್ಗಿ ಬಗ್ಗಿ ಹುಡುಕಿದರು. ಮುದುಕಿ ಕಿಟಕಿಯ ಹೊರಗೆ ನಿಂತು ಮೂಗಿನಿಂದಲೇ ವಾಸನೆಯ ಜಾಡು ಹಿಡಿದಳು.

"ಹಿಂದ ಐತಿ... ಈಗ ನಡುವ ಬಂತು... ಈಗ ಮುಂದ... ತಮ್ಮಾ, ಅದು ನಿನ್ನ ಬೆನ್ನ ಹತ್ತೇತಿ!"

ಕಂಡಕ್ಟರ್ ಹೊರಗೆ ಹಾರಿ ಬಸ್ಸಿನ ಸುತ್ತ ಓಡಿದರು. ವಾಸನೆಯೂ ಸುತ್ತಿತು. ಡ್ರೈವರ್ ಸ್ಟೀರಿಂಗ್ ಬಿಡದೆ ಒಳಗಿನಿಂದಲೇ ಕೂಗಿದರಂತೆ: "ಓಡಬ್ಯಾಡಪಾ, ಅದಕ್ಕ ಟಿಕೀಟ ಕೇಳು! ನೀ ಟಿಕೀಟ ಕೇಳಿದ್ರ ಎಂಥಾದ್ದೂ ಇಳದ ಹೋಗ್ತೈತಿ!"

ಕಿತ್ತೂರಿನ ಕೋಟೆ

ಬಸ್ಸಿನ ಸುದ್ದಿ ಪೇಟೆಯಲ್ಲಿ ಹಬ್ಬಿತು. ಮೈಯಿಲ್ಲದ ಒಂದು ವಾಸನೆ ಮಧ್ಯಾಹ್ನ ತಿರುಗುತ್ತಿದೆಯಂತೆ, ಅದು ಹೊರಟಿದ್ದು ನನ್ನ ಅಂಗಡಿಯಿಂದಂತೆ. ಇದನ್ನು ಕೇಳಿ ನಕ್ಕವರು ಒಬ್ಬ ಮಾಸ್ತರರು. ದೆವ್ವವೇ ಇಲ್ಲವೆಂದು ಮಕ್ಕಳಿಗೆ ಪಾಠ ಹೇಳುವವರು. ಹಟಕ್ಕೆ ಒಂದು ಬಾಟಲಿ ಕೊಂಡು, ಹೊಡೆದುಕೊಂಡು, ಉರಿಬಿಸಿಲಲ್ಲಿ ಕಿತ್ತೂರಿನ ಕೋಟೆ ನೋಡಲು ಹೋದರು.

ಸೂರಿಲ್ಲದ ಕೋಣೆಯೊಂದರ ಗೋಡೆ ನೆರಳಲ್ಲಿ ಆಡು ಕಾಯುವ ಹೆಂಗಸು ಮಜ್ಜಿಗೆ ಕುಡಿಯುತ್ತಿದ್ದಳು. ಗೋಡೆಯ ಆಚೆಯಿಂದ ಹೆಜ್ಜೆ ಸಪ್ಪಳವಿಲ್ಲದೆ ನಿಂಬೆ ವಾಸನೆ ಬಂತು. ತಂಬಿಗೆ ಅಲ್ಲೇ ಬಿಟ್ಟು ಓಡಿದಳು. ಮಾಸ್ತರರು ಈಚೆ ಬಂದು ನೋಡುತ್ತಾರೆ, ಯಾರೂ ಇಲ್ಲ. ತಂಬಿಗೆ ಮಾತ್ರ ನೆಲದ ಮೇಲೆ ತಾನೇ ಹೊಯ್ದಾಡುತ್ತಿದೆ. ಅವರೂ ಓಡಿದರು.

ಇಬ್ಬರೂ ಕೋಟೆಯ ಹೊರಗೆ ಒಂದೇ ಬೇವಿನ ಗಿಡದ ಕೆಳಗೆ ಸೇರಿದರು.

"ಒಳಗ ಏನೋ ಐತ್ರಿ ಮಾಸ್ತರ," ಅಂದಳು ಅವಳು.

"ನಾನೂ ಕಣ್ಣಾರೆ ನೋಡೇನಿ. ಕುಂದರವ್ವಾ, ಇಲ್ಲಿ ಅಂಜಿಕಿಲ್ಲ."

ಅಷ್ಟರಲ್ಲಿ ಗಾಳಿ ತಿರುಗಿತು. ಅವಳು ಮೂಗರಳಿಸಿ, ಮಾಸ್ತರರ ಬೆನ್ನ ಹಿಂದೆ ನೋಡಿ, ಚೀರಿ ಓಡಿದಳು. ಏನು ಕಂಡಿತೆಂದು ಕೇಳುವ ಧೈರ್ಯ ಯಾರಿಗಿದೆ? ಮಾಸ್ತರರೂ ಅವಳ ಹಿಂದೆಯೇ ಓಡಿದರು. ಅವರು ಹತ್ತಿರ ಬಂದಷ್ಟೂ ಅವಳ ಓಟ ಜೋರಾಯಿತು.

ಚಚಡಿಯ ಕನ್ಯೆ

ರಾಮದುರ್ಗದ ಕಡೆಯ ಸಾಲಹಳ್ಳಿಯ ವರ ಚಚಡಿಗೆ ಹೆಣ್ಣು ನೋಡಲು ಹೊರಟಿದ್ದ. ಹೊಸ ಅಂಗಿಗೆಂದು ಮೊದಲು ಬೈಲಹೊಂಗಲಕ್ಕೆ ಬಂದವನು ನನ್ನ ಅಂಗಡಿ ಹೊಕ್ಕು ಅರ್ಧ ಬಾಟಲಿ ಮೈಗೆ ಸುರಿದುಕೊಂಡು ಹೋದ. ಮರುದಿನ ತಿರುಗಿ ಬಂದಾಗ ಮುಖ ಬಾಡಿತ್ತು.

ಕನ್ಯೆಯ ಅಜ್ಜಿಗೆ ಎರಡೂ ಕಣ್ಣಿಲ್ಲವಂತೆ. ಇವನು ಪಡಸಾಲೆಯಲ್ಲಿ ಉಸಿರೆತ್ತದೆ ಕುಳಿತಿದ್ದಾನೆ. ಅಜ್ಜಿ ನೇರ ಇವನತ್ತ ಮುಖ ತಿರುಗಿಸಿದಳಂತೆ. ಇವನು ಮೆಲ್ಲಗೆ ಕಂಬದ ಆಚೆ ಸರಿದ. ಅಜ್ಜಿಯ ಮುಖವೂ ಸರಿಯಿತು.

"ಲಿಂಬಿಹಣ್ಣು ಮನ್ಯಾಗ ಬಂದೈತಿ. ಮೂರು ದಾರಿ ಕೂಡೋ ಕಡೆ ಒಯ್ದು ಬಿಟ್ಟ ಬಾ. ಮಾತಾಡಬ್ಯಾಡ, ತಿರುಗಿ ನೋಡಬ್ಯಾಡ," ಅಂತ ಮಗನಿಗೆ, ಕನ್ಯೆಯ ಅಪ್ಪನಿಗೆ, ಹೇಳಿದಳು. ಆ ಮನೆಯಲ್ಲಿ ಅಜ್ಜಿಯ ಮಾತು ಮೀರುವ ಗಂಡಸಿಲ್ಲ.

"ಮಾವಾರು ನನ್ನ ಕೈ ಹಿಡಕೊಂಡು ಹೊಂಟ್ರು ಅಕ್ಕಾರ. ಊರ ತೋರಸ್ತಾರ ಅಂತ ನಾನೂ ಹೋದ್ನಿ. ಮೂರು ದಾರಿ ಕೂಡೋ ಕಡೆ ನಿಲ್ಲಿಸಿ, ಒಂದು ಮಾತಿಲ್ಲದ ತಿರುಗಿ ಹೋಗೇಬಿಟ್ರು!"

ನಗು ತಡೆದು ಕೇಳಿದೆ, "ಮಾಟದ ಹಣ್ಣಿಗೆ ಕುಂಕುಮಾ ಹಚ್ಚತಾರಲ್ಲೋ, ನಿನಗ ಹಚ್ಚಿದ್ರೇನು?"

ಹಣೆ ಮುಟ್ಟಿಕೊಂಡು ಅಂದ, "ಹೊರಗ ಬರೂ ಮುಂದ ಹಚ್ಚಿದ್ರಿ. ನಾ ಅದನ್ನ ಮರ್ಯಾದಿ ಅಂತ ತಿಳಕೊಂಡಿದ್ನಿ."

ಅಮಾವಾಸ್ಯೆ

ಈಗ ನನ್ನ ಅಂಗಡಿಗೆ ಪೆಟ್ಟು ಬಿತ್ತು. ಬಳೆ ಇಡಿಸಿಕೊಳ್ಳುವ ಹೆಂಗಸರು ರಸ್ತೆಯ ಆಚೆ ಬದಿಯಲ್ಲಿ ಸೆರಗು ಮೂಗಿಗೆ ಹಿಡಿದು ಹಾಯುತ್ತಿದ್ದರು. ಮಾಲೀಕರು ಬಂದು ಖಡಾಖಂಡಿತ ಹೇಳಿದರು.

"ಅಮಾಸಿ ದಿನಾ ಬಾಗಲಕ್ಕ ಲಿಂಬಿಹಣ್ಣು ಕಟ್ರಿ. ಇಲ್ಲಾಂದ್ರ ಮಳಿಗಿ ಖಾಲಿ ಮಾಡ್ರಿ."

"ಎರಡೂ ಮಾಡಂಗಿಲ್ಲ," ಅಂದೆ. ಉಳಿದ ಬಾಟಲಿಗಳನ್ನು ಮಾತ್ರ ಒಂದೂ ಬಿಡದೆ ಬೆಳಗಾವಿಗೆ ವಾಪಸು ಕಳಿಸಿದೆ.

ಅಮಾವಾಸ್ಯೆ ಬಂತು. ಬೆಳಿಗ್ಗೆ ಶಟರ್ ಎತ್ತುವಾಗ ಯಾಕೋ ಬಿಗಿಯಾಗಿತ್ತು, ಜಗ್ಗಿ ಎತ್ತಿದೆ. ಮಧ್ಯಾಹ್ನ ಹನ್ನೆರಡು. ಬಿಸಿಲಿಗೆ ಶಟರಿನ ತಗಡು ಕಾದಿತ್ತು, ಬೀದಿಯಲ್ಲಿ ನಾಯಿಯೂ ಇಲ್ಲ. ಒಬ್ಬಳೇ ಕುಳಿತು ಪೇಪರ್ ಓದುತ್ತಿದ್ದೆ. ಬಂತು ವಾಸನೆ.

ಕಪಾಟು ತೆಗೆದೆ, ಡಬ್ಬಿಗಳ ಹಿಂದೆ ನೋಡಿದೆ. ಒಂದು ಬಾಟಲಿಯೂ ಇಲ್ಲ. ವಾಸನೆ ಏರುತ್ತಲೇ ಇತ್ತು. ಅಂಗಡಿಯ ನಾಲ್ಕು ಕನ್ನಡಿಗಳಲ್ಲಿ ನಾಲ್ಕು ನಾನು, ನಾಲ್ವರ ಮುಖವೂ ಬಿಳಚಿಕೊಂಡಿತ್ತು. ತಿರುಗಿ ಬಾಗಿಲಿಗೆ ಬಂದು ನಿಂತೆ. ಮುಂಗೈ ಮೇಲೆ ಏನೋ ತೊಟ್ಟಿಕ್ಕಿತು. ನೋಡಿದರೆ ಕೆಂಪು ಹನಿ. ಇನ್ನೊಂದು ಹನಿ ಹೆಗಲಿಗೆ.

ಆದರೂ ಓಡಲಿಲ್ಲ. ಓಡಿದರೆ ಮಳಿಗೆ ಹೋಯಿತೆಂದೇ ಲೆಕ್ಕ. ಶಟರ್ ಎಳೆಯುವ ಕೊಕ್ಕೆಯ ಕೋಲನ್ನು ಎತ್ತಿ, ಕಣ್ಣು ಮುಚ್ಚಿ, ತಲೆಯ ಮೇಲಿನ ಶಟರ್ ಸುರುಳಿಗೆ ಕುಟ್ಟಿದೆ.

ಧಪ್ ಅಂತ ಬಿತ್ತು. ಕುಂಕುಮ ತುಂಬಿ, ಶಟರಿನ ನಡುವೆ ಸಿಕ್ಕು ಹಿಂಡಿ ಹಿಪ್ಪೆಯಾದ ಅರ್ಧ ನಿಂಬೆಹಣ್ಣು. ಬಿದ್ದದ್ದು, ನಾನು ನಿಂಬೆಹಣ್ಣು ಕಟ್ಟಿದ್ದೇನೆಯೋ ಇಲ್ಲವೋ ನೋಡಲು ಅದೇ ಗಳಿಗೆಗೆ ಬಂದ ಮಾಲೀಕರ ಕಾಲ ಮೇಲೆ. ಅವರು ಚೀರಿದ ಚೀರಿಗೆ ಇಡೀ ಸಾಲಿನವರು ಹೊರಗೆ ಬಂದರು.

"ಇದನ್ನ ಇಟ್ಟವರ್ಯಾರು?" ಕೇಳಿದೆ.

ಮಾಲೀಕರು ಕಾಲು ಒರೆಸುತ್ತ ದನಿ ಇಳಿಸಿದರು. "ನಾನ ರೀ. ನಿನ್ನಿ ಸಂಜಿಕ ನೀವು ನೀರ ತರಾಕ ಹೋದಾಗ ಇಟ್ಟೆ."

"ನನಗ ಇದರಾಗ ನಂಬಿಕಿ ಇಲ್ಲಂತ ಗೊತ್ತಿಲ್ಲೇನ್ರಿ ನಿಮಗ?"

"ನಿಮಗ ಇಲ್ಲದಿದ್ರ ನಡೀತೈತ್ರಿ ಅಕ್ಕಾರ. ಕಟ್ಟಡಕ್ಕ ಐತಿ."

ಸಾಲಿನವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕೋಲು ಕೆಳಗಿಟ್ಟು, ನನ್ನ ಸ್ಟೂಲಿನ ಮೇಲೆ ಸರಿಯಾಗಿ ಕುಳಿತು ಅಂದೆ:

"ಹಂಗಾದ್ರ ಅಂಜಿದ್ದು ಕಟ್ಟಡ. ಖಾಲಿ ಮಾಡಾಕ ಅದಕ್ಕ ಹೇಳ್ರಿ. ನಾ ಇಲ್ಲೇ ಇರ್ತೇನಿ."